ಕಾರ್ತಿಕ ಸೋಮವಾರದ ಗೊರಸು

ಆ ಸೋಮವಾರ ಬೆಳಗ್ಗೆ ಖಾನಾಪುರದ ಕಡೆ ಬಿದ್ದ ಮಂಜು ಹೇಗಿತ್ತೆಂದರೆ, ಭೂಮಿತಾಯಿ ಕಾರ್ತಿಕದ ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಬಿಳಿ ಅರಿವೆ ಸುತ್ತಿಕೊಂಡು ಕೂತ ಹಾಗಿತ್ತು. ಹಿಂದಿನ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಂದು ಹೋಗಿತ್ತು. ಭತ್ತ ಕೊಯ್ಲಿಗೆ ಬಂದಿದ್ದರಿಂದ ಜಾಂಬಳವಾಡಿಯ ಜನ ಆ ಮಳೆಯನ್ನು ಬಾಯಿತುಂಬ ಬೈದರು. ಹರಸಿದವನು ಒಬ್ಬನೇ ಒಬ್ಬ. ಬೆಳಗಾವಿಯ ರಾಮತೀರ್ಥ ನಗರದಿಂದ ಅಜ್ಜಿಯ ಊರಿಗೆ ಬಂದಿದ್ದ ಚೇತನ. ಹಸಿ ಮಣ್ಣಿನಲ್ಲಿ ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಅವನಿಗೆ ಆ ದಿನ ಬೇಕಾಗಿದ್ದುದು ಒಂದು ಹೆಜ್ಜೆ.

ಚೇತನ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಜೊತೆಯ ಹುಡುಗರು ಹುಲಿ, ಚಿರತೆ ಎಂದು ಕನಸು ಕಾಣುತ್ತಿದ್ದರೆ ಇವನಿಗೆ ಗೊರಸಿನ ಹುಚ್ಚು. ಮದುವೆ ಮೆರವಣಿಗೆಯಲ್ಲಿ ಎಲ್ಲರೂ ಮದುಮಗನ ಮುಖ ನೋಡಿದರೆ ಇವನು ನೆಲಕ್ಕೆ ಬಗ್ಗಿ ಕುದುರೆಯ ಪಾದ ನೋಡುವನು. "ಕಾಲಿಗೆ ಒಂದ ಬೆರಳಿನ ಮ್ಯಾಲ ನಿಂತೈತಿ ನೋಡ್ರಿ, ಒಂದ ಬೆರಳು!" ಎಂದು ಬೀಗರ ಮುಂದೆ ಬೆರಗುಪಡುವನು. ಪಾಪ, ಹುಡುಗ ಚಪ್ಪಲಿ ಕಳೆದುಕೊಂಡಿದ್ದಾನೆ ಎಂದು ಬೀಗರು ಹುಡುಕಲು ಜನ ಕಳಿಸುವರು. ಆಡು, ಕಡವೆ, ಹಂದಿ, ಎಮ್ಮೆ ಇವಕ್ಕೆಲ್ಲ ದೇವರು ಉಗುರನ್ನೇ ಕೆರ ಮಾಡಿ ತೊಡಿಸಿ ಕಳಿಸಿದ, ನಮಗೆ ಮಾತ್ರ ಅಂಗಡಿಗೆ ಹೋಗಿರೆಂದ ಎಂದು ಚೇತನ ಹೇಳುತ್ತಿದ್ದ. ಅವನ ಗೆಳೆಯ ಅಮರ ಅವನಿಗೆ 'ಗೊರಸಪ್ಪ' ಎಂದೇ ಹೆಸರಿಟ್ಟಿದ್ದ.

ಅವರಿಬ್ಬರ ಗುರು ಪದ್ಮಶ್ರೀ ಮೇಡಂ ಆ ಚಳಿಗಾಲ ಕಾಡಿನಲ್ಲಿ ಬೀಡುಬಿಟ್ಟು ಕಾಡುಕೋಣ, ಕಡವೆಗಳ ಅಭ್ಯಾಸ ಮಾಡುವವರಿದ್ದರು. ತಂಡದಲ್ಲಿ ಉಳಿದದ್ದು ಒಂದೇ ಜಾಗ, ಆಸೆ ಇಟ್ಟವರು ಚೇತನ ಮತ್ತು ಅಮರ. ಮೇಡಂ ಹೇಳಿದ್ದರು: "ಕಾಡಿನ್ಯಾಗಿನ ಗೊರಸಿನ ಪ್ರಾಣಿದು ಒಂದು ಹೆಜ್ಜಿ ಅಚ್ಚು ತಗದು ಸೋಮವಾರ ಸಂಜಿಯೊಳಗ ನನಗ ತೋರಿಸ್ರಿ. ಯಾರದು ಚಲೋ ಇರತೈತೋ ಅವರು ನನ್ನ ಕೂಡ ಬರ್ರಿ." ಆಮೇಲೆ ಚೇತನನ ಕಡೆ ತಿರುಗಿ, "ನೀ ಮತ್ತ ಆಡಿನ ಹೆಜ್ಜಿ ತರಬ್ಯಾಡಪಾ" ಎಂದಿದ್ದರು. ಹಿಂದಿನ ಸಲ ಅವನು ಕಾಡುಕುರಿಯದೆಂದು ಎದೆಗವಚಿಕೊಂಡು ತಂದಿದ್ದ ಅಚ್ಚು ಯಾರದೋ ಆಡಿನದಾಗಿತ್ತು.

ಈ ಸಲ ತಪ್ಪಿದರೆ ಓದು ಮುಗಿಯುತ್ತದೆ, ಕಾಡಿನ ಬಾಗಿಲು ಮುಚ್ಚುತ್ತದೆ, ರವಿವಾರ ಪೇಟೆಯಲ್ಲಿರುವ ಅಪ್ಪನ ಒಣಮೆಣಸಿನಕಾಯಿಯ ಹೋಲ್‌ಸೇಲ್ ಅಂಗಡಿಯ ಬಾಗಿಲು ತೆರೆಯುತ್ತದೆ. ಮೆಣಸಿನಕಾಯಿ ಚೀಲಕ್ಕೆ ಗೊರಸು ಇರುವುದಿಲ್ಲ. ಆ ಯೋಚನೆ ಬಂದರೆ ಸಾಕು, ಚೇತನನಿಗೆ ಸೀನು ಬರುತ್ತಿತ್ತು.

ಹಾಗಾಗಿ ಆ ಬೆಳಗ್ಗೆ ಇನ್ನೂ ಕೋಳಿ ಕೂಗುವ ಮೊದಲೇ ಎದ್ದು, ಒಂದು ಚೀಲದಲ್ಲಿ ಅಚ್ಚು ಹೊಯ್ಯಲು ಅಟ್ಟದಿಂದ ಇಳಿಸಿದ ಪಿಓಪಿ ಎಂಬ ಬಿಳಿ ಪುಡಿ, ಅಜ್ಜಿಯ ಬೋಗುಣಿ, ಒಂದು ಬಾಟಲಿ ನೀರು ಹಿಡಿದು, ಕಾಡಿಗೆ ತಾಗಿದ ಗದ್ದೆಯ ಬದುವಿನ ಮೇಲೆ ಹೋಗಿ ಕೂತಿದ್ದ.

ಮೊದಲು ಕೇಳಿದ್ದು ಉಸಿರು. ಕಮ್ಮಾರನ ತಿದಿಯನ್ನು ಯಾರೋ ಸಾವಕಾಶವಾಗಿ ಒತ್ತಿದ ಹಾಗೆ. ಆಮೇಲೆ ಮಂಜು ಎರಡು ಕಡೆ ಸರಿಯಿತು. ನಡುವಿನಿಂದ ಕರಿ ಬಂಡೆಯೊಂದು ಎದ್ದು ಬಂದಂತೆ ಕಾಡುಕೋಣ ಬಂತು. ಭುಜ ಆಳೆತ್ತರ. ಬೆನ್ನ ಮೇಲೆ ಗುಡ್ಡದ ಏಣಿನಂಥ ದಿಬ್ಬ. ಬಾಗಿದ ಕೋಡುಗಳ ನಡುವೆ ಬೂದಿಬಣ್ಣದ ಹಣೆ. ಮೈಯೆಲ್ಲ ಅಮಾವಾಸ್ಯೆ, ಮೊಣಕಾಲಿನ ಕೆಳಗೆ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದಂಥ ಬಿಳಿ ಕಾಲುಗಳು. ಅಷ್ಟು ದೊಡ್ಡ ಒಡಲು ಬದುವಿನ ಮೇಲೆ ಕಾಲಿಟ್ಟರೆ ಸಪ್ಪಳವೇ ಇಲ್ಲ. ಅದು ಕತ್ತೆತ್ತಿ ಚೇತನನನ್ನು ನೋಡಿತು. ಸಿಟ್ಟಿಲ್ಲ, ಅಂಜಿಕೆ ಇಲ್ಲ. ಮನೆಯ ಹಿರಿಯರು ಜಗುಲಿಯಲ್ಲಿ ಕೂತ ಅಪರಿಚಿತ ಹುಡುಗನನ್ನು ನೋಡಿ ಒಳಗೆ ಹೋಗುವಂತೆ ನೋಡಿತು.

ಚೇತನ ಐದು ವರ್ಷ ಓದಿದ್ದೆಲ್ಲ ಆ ಕ್ಷಣ ಮರೆತುಹೋಯಿತು. ಲ್ಯಾಟಿನ್ ಹೆಸರು ಮರೆತ. ಜೇಬಿನಲ್ಲಿ ಮೊಬೈಲ್ ಇದೆ, ಅದರಲ್ಲಿ ಕ್ಯಾಮೆರಾ ಇದೆ ಎಂಬುದನ್ನೂ ಮರೆತ. ಅವನ ಎರಡೂ ಕೈ ಅವನನ್ನು ಕೇಳದೆ ಒಂದಾಗಿ ಎದೆಯ ಹತ್ತಿರ ಬಂದು ನಿಂತಿದ್ದವು. ಕೈಮುಗಿದಿದ್ದೇನೆ ಎಂದು ಅವನಿಗೆ ತಿಳಿಯುವ ಹೊತ್ತಿಗೆ ಮಂಜು ಮತ್ತೆ ಕೂಡಿಕೊಂಡಿತ್ತು. ಕೋಣ ಇರಲಿಲ್ಲ.

ಅದು ನಡೆದ ದಾರಿಯಲ್ಲಿ ಹುಲ್ಲು, ಕಲ್ಲು. ಬದುವಿನ ಮೇಲಿನ ಮೆತ್ತನೆಯ ಜೇಡಿಯಲ್ಲಿ ಮಾತ್ರ ಒಂದೇ ಒಂದು ಹೆಜ್ಜೆ ಮೂಡಿತ್ತು. ಎರಡು ಬೆರಳು, ನಡುವೆ ಸೀಳು, ಅಂಚು ಚಾಕುವಿನಿಂದ ಕೊರೆದ ಹಾಗೆ. ಚೇತನ ಬೋಗುಣಿಯಲ್ಲಿ ಪುಡಿ ಕಲಸಿ ಹೆಜ್ಜೆಯೊಳಗೆ ತುಂಬ ಹೊಯ್ದ. ಯಾರೂ ತುಳಿಯದಿರಲೆಂದು ಸುತ್ತ ಕಲ್ಲು ಜೋಡಿಸಿದ. ದೂರದಿಂದಲೇ ಕಾಣಲೆಂದು ಒಂದು ಕೋಲು ನೆಟ್ಟು ಅದರ ತುದಿಗೆ ತನ್ನ ಕೆಂಪು ಕರವಸ್ತ್ರ ಕಟ್ಟಿದ. ಗಟ್ಟಿಯಾಗಲು ಹೊತ್ತು ಬೇಕು, ಅಗೆದು ತೆಗೆಯಲು ಖುರಪಿ ಬೇಕು. ಮನೆಗೆ ಓಡಿದ.

ಸುತ್ತ ಕಲ್ಲು, ನಡುವೆ ಬೆಳ್ಳನೆಯ ಪಾದ, ಮೇಲೆ ಕೆಂಪು ನಿಶಾನೆ. ಇದನ್ನು ನಮ್ಮ ಕಡೆ ಏನೆನ್ನುತ್ತಾರೆಂದು ಆ ಓಟದಲ್ಲಿ ಅವನಿಗೆ ಹೊಳೆಯಲಿಲ್ಲ.

ಮನೆಯಲ್ಲಿ ತಾಯಿಯ ತಾಯಿ ಶಿವಲಿಂಗವ್ವ ಬಾಗಿಲಿಗೆ ಅಡ್ಡ ನಿಂತಳು. ಚೇತನ ಅವಳನ್ನು ಆಯಿ ಎನ್ನುತ್ತಿದ್ದ.

"ಆಯೀ, ಖುರಪಿ ಕೊಡು, ಲಗೂನ!"

"ಕಾರ್ತೀಕ ಸ್ವಾಮಾರ ಐತಿ. ಜಳಕಾ ಇಲ್ಲ, ಪೂಜಿ ಇಲ್ಲ, ಖುರಪಿ ಹಿಡದು ಎಲ್ಲಿಗೆ ಹೊಂಟಿ? ನನ್ನ ಬೋಗುಣಿಗೆ ಏನ ಮೆತ್ತೀದಿ? ಮೈದಾ ಹಿಟ್ಟೇನು?"

"ಆಯೀ, ನಾ ಕಾಡಕೋಣ ನೋಡಿದ್ನಿ!"

"ನೋಡಿದ್ರ ಇನ್ನೂ ಚಲೋ ಆತು. ಮೊದಲ ಜಳಕಾ ಮಾಡು."

ಹೇಗೂ ಗಟ್ಟಿಯಾಗಬೇಕಲ್ಲ ಎಂದು ಚೇತನ ಸ್ನಾನ ಮಾಡಿದ, ಪೂಜೆಗೆ ಕೂತ, ಬಿಸಿ ರೊಟ್ಟಿ ಝುಣಕ ತಿಂದ. ಎರಡನೆಯ ರೊಟ್ಟಿಗೆ ಆಯಿ ತುಪ್ಪ ಹಚ್ಚುತ್ತಿದ್ದಾಗ ಗದ್ದೆಯ ಕಡೆಯಿಂದ ಗಂಟೆಯ ಸಪ್ಪಳ ಕೇಳಿತು. ಹಿಂದೆಯೇ ಶಂಖ. ಅದರ ಹಿಂದೆ ಒಂದು ಹೆಣ್ಣು ದನಿ:

"ಬರ್ರೆವ್ವೋ! ಬಸವಣ್ಣನ ಪಾದ ಮೂಡೇತಿ, ಬರ್ರೋ!"

ಚೇತನ ಬಾಯಲ್ಲಿದ್ದ ತುತ್ತಿನೊಡನೆಯೇ ಖುರಪಿ ಎಳೆದುಕೊಂಡು ಎದ್ದ.

ಅವನು ಓಡಿ ಹೋಗುವಷ್ಟರಲ್ಲಿ ಅರ್ಧ ಊರು ಬದುವಿನ ಮೇಲಿತ್ತು. ಮೊದಲು ಕಂಡವಳು ನೆರೆಮನೆಯ ಬಸವಣ್ಣೆವ್ವ. ಮೇವು ಕೊಯ್ಯಲು ಹೋದವಳು ಕೆಂಪು ನಿಶಾನೆ ಕಂಡು ಹತ್ತಿರ ಹೋಗಿದ್ದಾಳೆ. ಕರಿಮಣ್ಣಿನಲ್ಲಿ ವಿಭೂತಿಯಷ್ಟು ಬೆಳ್ಳಗೆ ಒಂದು ಗೊರಸು. ಕುಡಗೋಲು ಅಲ್ಲಿಯೇ ಬಿಟ್ಟು ಅಡ್ಡಬಿದ್ದಿದ್ದಾಳೆ. ಈಗ ನಿವೃತ್ತ ಮಾಸ್ತರ ಗುರುಪುತ್ರಪ್ಪನವರು ಮೊಣಕಾಲೂರಿ ಕೂತು ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ಒಂದೊಂದಾಗಿ ಆ ಹೆಜ್ಜೆಯ ಮೇಲೆ ಎರೆಯುತ್ತಿದ್ದರು.

"ಅಜ್ಜಾರೀ, ನಿಲ್ಲಸ್ರಿ! ಹಾಲ ಹಾಕಬ್ಯಾಡ್ರಿ! ಅದು ನಂದ್ರಿ!" ಚೇತನ ಕೂಗಿದ.

ಎಲ್ಲರೂ ತಿರುಗಿ ನೋಡಿದರು. ಗುರುಪುತ್ರಪ್ಪನವರು ತುಪ್ಪದ ಬಟ್ಟಲು ಕೆಳಗಿಟ್ಟರು. ಅವರು ಊರಿನ ಎರಡು ತಲೆಮಾರಿಗೆ ಮಗ್ಗಿ ಕಲಿಸಿದವರು. ಯಾರು ಮಾತನಾಡಿದರೂ ಪೂರ್ತಿ ಕೇಳುವ ಸಮಾಧಾನ ಅವರಲ್ಲಿತ್ತು.

"ನಿಂದು ಅಂದ್ರ ಹ್ಯಾಂಗಪಾ, ತಮ್ಮಾ?"

"ಅದು ಪಿಓಪಿ ರೀ. ನಾನ ಹಾಕೀನಿ. ಅದು ಕಾಡಕೋಣದ ಹೆಜ್ಜಿ. ಗವಾ!"

ಗವಾ ಎಂದರೆ ಮರಾಠಿಯಲ್ಲಿ ಕಾಡುಕೋಣ. ಜಾಂಬಳವಾಡಿಯಲ್ಲಿ ಅರ್ಧ ಮನೆ ಮರಾಠಿ, ಅರ್ಧ ಮನೆ ಕನ್ನಡ. ಎರಡೂ ಕಡೆ ತಿಳಿಯಲೆಂದು ಎರಡೂ ಮಾತಿನಲ್ಲಿ ಹೇಳಿದ. ಮರಾಠಿ ಓಣಿಯ ಲಕ್ಷ್ಮಣ ಟೊಪ್ಪಿಗೆ ಸರಿ ಮಾಡಿಕೊಂಡು ಮುಂದೆ ಬಂದ.

"ಗವಾ ನವ್ಹಂ ರೇ ಬಾಳಾ, ನಂದೀ ಹಾಯ ತ್ಯೋ! ಮಹಾದೇವಾಚಾ ನಂದೀ!" ಎಂದ.

"ಅವರು ನಂದಿ ಅಂತಾರ, ನಾವು ಬಸವಣ್ಣ ಅಂತೀವಿ, ನೀ ಗವಾ ಅಂತೀದಿ" ಎಂದರು ಗುರುಪುತ್ರಪ್ಪನವರು. "ಹೆಸರಿಗೇನು ಜಗಳ? ನೀ ಕಣ್ಣಾರೆ ನೋಡಿದ್ಯಾ?"

"ನೋಡಿದ್ನಿರೀ."

"ಎಷ್ಟು ದೊಡ್ಡದಿತ್ತು?"

"ಭುಜಾನ ಆಳೆತ್ತರ ಇತ್ರಿ."

ಗುಂಪು 'ಆಹಾ' ಎಂದಿತು.

"ಬೆನ್ನ ಮ್ಯಾಲ ಇಣಿ?"

"ಇಣಿ ಅಲ್ರಿ, ಎಲುಬಿನ ದಿಬ್ಬ. ದೊಡ್ಡದಿತ್ತು."

"ಕಾಲು?"

"ಬೆಳ್ಳಗರಿ. ನಾಕೂ ಬೆಳ್ಳಗ."

"ಹಣಿ ಮ್ಯಾಲ ವಿಭೂತಿ ಇತ್ತೇನೋ, ಯಪ್ಪಾ?" ಬಸವಣ್ಣೆವ್ವ ಕೇಳಿದಳು.

"ವಿಭೂತಿ ಅಲ್ಲಬೇ, ಆ ಜಾತಿಗೆ ಹಣಿ ಬಣ್ಣಾನ ಬೂದಿ ಬಣ್ಣ."

"ಬೂದಿ ಅಂದ್ರ ವಿಭೂತಿನ ಅಲ್ಲೇನೋ!"

"ಎಲ್ಲಿಂದ ಬಂತು, ಎಲ್ಲಿಗೆ ಹೋತು?" ಮಾಸ್ತರರು ಕೇಳಿದರು.

ಚೇತನ ಸುಳ್ಳು ಹೇಳಲಾರ. ಅವನ ವಿದ್ಯೆಯೂ ಅದನ್ನು ಕಲಿಸಿರಲಿಲ್ಲ, ಅವನ ಆಯಿಯೂ ಕಲಿಸಿರಲಿಲ್ಲ. "ಮಂಜಿನ್ಯಾಗಿಂದ ಬಂತ್ರಿ. ಮಂಜಿನ್ಯಾಗ ಹೋತ್ರಿ."

"ನೀ ಏನ ಮಾಡಿದಿ?"

ಅವನು ತಲೆ ತಗ್ಗಿಸಿದ. "ಕೈಮುಗದ್ನಿರೀ."

ಮುಗಿಯಿತು. ಕಟಕಟೆಯಲ್ಲಿ ನಿಂತು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದವನ ಸ್ಥಿತಿ ಅವನದಾಯಿತು. ಅವನು ಹೇಳಿದ ಒಂದೊಂದು ಶಾಸ್ತ್ರದ ಮಾತೂ ಒಂದೊಂದು ತೆಂಗಿನಕಾಯಿಯಾಗಿ ಆ ಹೆಜ್ಜೆಯ ಮುಂದೆ ಒಡೆಯಿತು. ಗುರುಪುತ್ರಪ್ಪನವರು ಎದ್ದು ಬಂದು ಅವನ ಹಣೆಗೆ ಅಡ್ಡಡ್ಡ ಮೂರು ಬೆರಳೆಳೆದರು. "ನೀ ಹಾಕಿದ್ದು ಸುಣ್ಣ ಇರಲಿ, ಪಿಓಪಿ ಇರಲಿ. ಹಾಕಿಸಿದಾಂವ ಯಾರು? ಇಷ್ಟು ಮಂದಿಯೊಳಗ ಆತ ನಿನ್ನ ಆರಿಸಿದ. ಕುಂದರಪಾ."

ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಅದರ ಮೇಲೆ ಕಂಬಳಿ ಬಿತ್ತು, ಕಂಬಳಿಯ ಮೇಲೆ ಚೇತನ ಬಿದ್ದ, ಚೇತನನ ಮೇಲೆ ಚೆಂಡುಹೂವಿನ ಹಾರ ಬಿತ್ತು.

ಆಮೇಲೆ ಅವನ ಕೆಲಸ ಒಂದೇ ಆಯಿತು: ಹೇಳುವುದು. ಹೊಸದಾಗಿ ಬಂದವರು ಕೇಳುವರು, ಅವನು ಕಂಡಷ್ಟನ್ನೇ ಹೇಳುವನು. ಆದರೆ ಅವನ ಬಾಯಿಂದ ಆಳೆತ್ತರ ಹೊರಟದ್ದು ಗುಂಪಿನ ಅಂಚು ಮುಟ್ಟುವಾಗ ಆನೆಯೆತ್ತರವಾಗಿ, ಬಸ್ ನಿಲ್ದಾಣ ಮುಟ್ಟುವಾಗ ಮನೆಯೆತ್ತರವಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಲೋಂಡಾದಿಂದ ರೈಲಿಳಿದು ಬಂದ ಒಬ್ಬ ಭಕ್ತ, "ಮಾತಾಡಿತಂತಲ್ರಿ? ಕನ್ನಡದಾಗೋ, ಮರಾಠಿಯೊಳಗೋ?" ಎಂದು ಕೇಳಿದ. ಚೇತನ ಬಾಯಿ ತೆರೆಯುವ ಮುನ್ನ ಲಕ್ಷ್ಮಣ ಗುರುಪುತ್ರಪ್ಪನವರ ಮುಖ ನೋಡಿದ, ಗುರುಪುತ್ರಪ್ಪನವರು ಲಕ್ಷ್ಮಣನ ಮುಖ ನೋಡಿದರು. "ಸುಮ್ಮನ ನಿಂತಿತ್ತು" ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಊರಿನ ಎರಡೂ ಓಣಿ ಒಂದೇ ಮಾತು ಆಡಿದ್ದನ್ನು ಕಂಡು ಕೆಲವರಿಗೆ ಪಾದಕ್ಕಿಂತ ಇದೇ ದೊಡ್ಡ ಪವಾಡವೆನಿಸಿತು.

ನಡುವೆ ಅವ್ವ ನಾಗರತ್ನಾಳ ಫೋನು ಬಂತು.

"ಚೇತ್ಯಾ, ಮೊಬೈಲ್ನ್ಯಾಗ ನಿನ್ನ ನೋಡಿದ್ವಿ! ಯಾರೋ ವಿಡಿಯೋ ಬಿಟ್ಟಾರ. ಹಾರ ಹಾಕ್ಕೊಂಡು ಎಷ್ಟ ಚಂದ ಕಾಣಾಕತ್ತೀಯೋ! ಬಾಜೂ ಮನಿ ಮಾಲಾ ವೈನಿ ಇಲ್ಲೇ ಕುಂತಾರ. ಅವರ ಮಗಳು ಮನಿಷಾನ ಲಗ್ನ ಯಾವಾಗ ಕೂಡಿ ಬರತೈತಿ, ಕೇಳಿ ಹೇಳಬೇಕಂತ."

"ಅವ್ವಾ, ನಾ ಸ್ವಾಮಿ ಅಲ್ಲ! ನಂಗ ಸಂಜಿಯೊಳಗ ಆ ಅಚ್ಚು ಬೇಕು!"

"ಸಿಟ್ಟಾಗಬ್ಯಾಡೋ. ಸಾವಕಾಶ ಕೇಳು. ವೈನಿ ಅವಸರ ಇಲ್ಲ ಅಂತಾರ."

ಕೊನೆಗೆ ಬೇರೆ ದಾರಿ ಕಾಣದೆ ಚೇತನ ಪದ್ಮಶ್ರೀ ಮೇಡಂಗೆ ಫೋನು ಮಾಡಿದ. ಕಾಡುಕೋಣ ಕಂಡದ್ದು, ಅಚ್ಚು ಹೊಯ್ದದ್ದು, ಊರು ಕೂಡಿದ್ದು ಎಲ್ಲ ಹೇಳಿದ. ಮೇಡಂ ಪೂರ್ತಿ ಕೇಳಿದರು. ಆಮೇಲೆ, "ನಾನ ಬರ್ತೇನಿ. ಅಲ್ಲೇ ಇರು" ಎಂದರು.

ಇಳಿಹೊತ್ತಿನಲ್ಲಿ ಜೀಪು ಬಂತು. ಮೇಡಂ ಇಳಿದರು, ಹಿಂದೆ ಅಮರ ಇಳಿದ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಹೆಜ್ಜೆಯಲ್ಲ. ಕಂಬಳಿಯ ಮೇಲೆ ಕೂತ, ಕಿವಿಯವರೆಗೆ ಹಾರ ತುಂಬಿದ, ಹಣೆಗೆ ಬಿಳಿ ಪಟ್ಟಿ ಎಳೆದ, ಕೈಯಲ್ಲಿ ಬಾಳೆಹಣ್ಣು ಹಿಡಿದ ತಮ್ಮ ವಿದ್ಯಾರ್ಥಿ.

ಅಮರ ಕೈಮುಗಿದ. "ಗೊರಸಪ್ಪ ಮಹಾರಾಜ್ ಕೀ..."

"ಸುಮ್ಮನಿರಲೇ" ಎಂದ ಚೇತನ, ಹಲ್ಲು ಕಚ್ಚಿ.

"ಸ್ವಾಮಿಗೋಳು ಬೈಬಾರದ್ರಿ" ಎಂದ ಅಮರ.

ಮೇಡಂ ನಗಲಿಲ್ಲ. ಹೂವಿನ ರಾಶಿಯ ಹತ್ತಿರ ಹೋಗಿ ಮೊಣಕಾಲೂರಿ ಬಗ್ಗಿದರು. ಅಳತೆ ಪಟ್ಟಿ ಹಿಡಿದೇ ಬಗ್ಗಿದ್ದರು. ಆದರೆ ಬೆಳಗಾವಿಯಿಂದ ಜೀಪಿನಲ್ಲಿ ಬಂದ ದೊಡ್ಡ ಮೇಡಂ ಅಡ್ಡಬಿದ್ದರೆಂದು ಗುಂಪು ಹರ್ಷೋದ್ಗಾರ ಮಾಡಿತು. ಬಿಲ್ವಪತ್ರೆ, ಚೆಂಡುಹೂವು, ಕುಂಕುಮ, ಅಕ್ಕಿ ಒಂದು ಮೊಳ ಎತ್ತರ ಬಿದ್ದಿತ್ತು. ಕೆಳಗೆ ಏನಿದೆಯೋ ಕಾಣುವ ಹಾಗಿರಲಿಲ್ಲ.

"ಎಲ್ಲಾ ಹಾಳಾತ್ರಿ, ಮೇಡಂ" ಎಂದ ಚೇತನ. "ಮ್ಯಾಲ ಪಂಚಾಮೃತ ಹಾಕ್ಯಾರ."

"ಮ್ಯಾಲ ಹಾಕಿದ್ರೇನಾತು?" ಮೇಡಂ ಎದ್ದು ನಿಂತರು. "ಅಚ್ಚಿನ ಮ್ಯಾಲಿನ ಮುಖಕ್ಕ ಕಿಮ್ಮತ್ತ ಇಲ್ಲೋ. ಖರೇ ಮುಖ ಮಣ್ಣಿನ ಕಡೆ, ಕೆಳಗಿರತೈತಿ. ಅದನ್ನ ಎತ್ತಿ ತೋರಿಸು. ಕಾಡಕೋಣ ಇದ್ರ ಜಾಗ ನಿಂದು."

ಚೇತನನ ಎದೆಯಲ್ಲಿ ದೀಪ ಹತ್ತಿದ ಹಾಗಾಯಿತು. ಅಮರನ ಮುಖದ ದೀಪ ಆರಿತು. ಅವನ ಅಚ್ಚು ಕಾಡುಹಂದಿಯದು, ಹಸಿಶುಂಠಿಯ ತುಂಡಿನಷ್ಟು.

ಮೇಡಂ ಆಡಿದ ಮಾತು ಗುರುಪುತ್ರಪ್ಪನವರ ಕಿವಿಗೂ ಬಿದ್ದಿತ್ತು. ಅವರು ಕಣ್ಣು ಮುಚ್ಚಿ ಅದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ಆಡಿಕೊಂಡರು. "ಮ್ಯಾಲಿನ ಮುಖಕ್ಕ ಕಿಮ್ಮತ್ತಿಲ್ಲ, ಖರೇ ಮುಖ ಒಳಗಿರತೈತಿ. ಭಾಳ ದೊಡ್ಡ ಮಾತು ಹೇಳಿದ್ರಿ, ತಂಗೀ." ಊರಿನ ಕಡೆ ತಿರುಗಿದರು. "ಕೇಳ್ರಿಪಾ. ಹುಡುಗಗ ಇದರ ಮ್ಯಾಲ ಪರೀಕ್ಷಾ ಐತಿ. ಬಸವಣ್ಣ ಇಟ್ಟಿದ್ದು ಪಾದ, ಹುಡುಗ ಹಾಕಿದ್ದು ಅಚ್ಚು. ಪಾದ ನಮಗ ಇರಲಿ, ಅಚ್ಚು ಅಂವಗ ಹೋಗಲಿ. ಏನಂತೀರಿ?"

"ಬರೋಬರ ಹಾಯ" ಎಂದ ಲಕ್ಷ್ಮಣ. ಯಾರೂ ಇಲ್ಲವೆನ್ನಲಿಲ್ಲ. ಆದರೆ ಅವನ ಹೊರತು ಯಾರೂ ಹೌದು ಎಂದು ಗಟ್ಟಿಯಾಗಿ ಹೇಳಲೂ ಇಲ್ಲ. ಕೆಲವರು ನೆಲ ನೋಡಿದರು, ಕೆಲವರು ಕಾಡು ನೋಡಿದರು. ಆ ಸಂತೋಷದಲ್ಲಿ ಚೇತನ ಅದನ್ನು ಗಮನಿಸಲಿಲ್ಲ.

ಮಂಗಳಾರತಿ ಆಯಿತು. ಚೇತನ ಹಾರ ತೆಗೆದಿಟ್ಟು ಖುರಪಿ ಹಿಡಿದು ಮೊಣಕಾಲೂರಿದ. ಹೂವು ಬುಟ್ಟಿಗೆ ತೆಗೆದ. ಪತ್ರೆ ತೆಗೆದ. ಅಕ್ಕಿ ಸರಿಸಿದ. ಬಾಳೆಎಲೆಯ ಒಂದು ತುಂಡು ಎತ್ತಿದ.

ಎತ್ತಿದವನು ಹಾಗೆಯೇ ಕೂತ.

ಹೆಜ್ಜೆ ಖಾಲಿಯಾಗಿತ್ತು.

ಒಂದು ಚೂರು ಬಿಳಿಯಿಲ್ಲ. ನೂರಾರು ಬೆರಳು ಕೆರೆದು ಕೆರೆದು ಗೊರಸಿನ ಸೀಳು ಹೋಗಿ, ಅಂಚು ಹೋಗಿ, ಮಣ್ಣಿನಲ್ಲಿ ಉಪ್ಪಿನ ಬಟ್ಟಲಿನಂಥ ಒಂದು ಗುಣಿ ಉಳಿದಿತ್ತು. ಮೇಡಂ ಬಗ್ಗಿ ನೋಡಿದರು. ಅಮರ ಬಗ್ಗಿ ನೋಡಿದ. ಗುರುಪುತ್ರಪ್ಪನವರು ಕನ್ನಡಕ ಒರೆಸಿಕೊಂಡು ನೋಡಿದರು.

"ಯಾರು ತಗೊಂಡ್ರಿ?" ಎಂದು ಕೇಳಿದರು ಮಾಸ್ತರರು, ಶಾಲೆಯ ಹಳೆಯ ದನಿಯಲ್ಲಿ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖಕ್ಕಿಂತ ಸ್ವಲ್ಪ ಮೇಲೆ ನೋಡಿಕೊಂಡರು. ಹಣೆ ಹಣೆಯಲ್ಲೂ ಅಡ್ಡಡ್ಡ ಮೂರು ಬಿಳಿ ಪಟ್ಟಿ. ಕಾರ್ತಿಕ ಸೋಮವಾರ ಯಾರ ಹಣೆ ಬೆಳ್ಳಗಿರುವುದಿಲ್ಲ ಎಂದು ಚೇತನ ದಿನವಿಡೀ ಅದನ್ನು ನೋಡಿಯೂ ನೋಡಿರಲಿಲ್ಲ.

"ಮೀ ಏಕಚ ಚಿಮೂಟ ಘೇತಲೀ" ಎಂದ ಲಕ್ಷ್ಮಣ ಮೆಲ್ಲಗೆ, ಒಂದೇ ಚಿಟಿಕೆ ಎಂದು ಬೆರಳಲ್ಲಿ ತೋರಿಸುತ್ತ.

"ನಾನೂ ಒಂದ ಚಿಮಟಿ."

"ನಮ್ಮ ಎಮ್ಮಿಗೆ ಒಂದ ಚಿಮಟಿ ಒಯ್ದಿದ್ನಿ, ಅಷ್ಟ."

"ಬಾಣಂತಿ ಮಗಳಿಗೆ ಒಂದೀಟು."

ಜೀಪಿನ ಡ್ರೈವರ್ ಕೂಡ ಟೊಪ್ಪಿಗೆ ಕೆಳಗೆಳೆದುಕೊಂಡ. ಅವನೂ ಬಂದ ಕೂಡಲೇ ಹೂವಿನ ಕೆಳಗೆ ಕೈ ಹಾಕಿದ್ದ.

ಮಳೆಗಾಲವಿಡೀ ಅಟ್ಟದ ಮೇಲೆ ಥಂಡಿ ಕುಡಿದ ಪುಡಿ, ಮೇಲೆ ಹಾಲು, ಜೇನು, ಸಕ್ಕರೆ. ಅದು ಗುಣಿಯಲ್ಲಿ ಗಟ್ಟಿಯಾಗಿರಲೇ ಇಲ್ಲ. ಬೆಣ್ಣೆಯಂತೆ ಮೆತ್ತಗೆ ಉಳಿದು, ಭಸ್ಮವೆಂದು ಊರ ಬೆರಳಿಗೆಲ್ಲ ಒಲಿದಿತ್ತು. ಚೇತನ ಸಾವಕಾಶವಾಗಿ ಕೈಯೆತ್ತಿ ತನ್ನ ಹಣೆಯನ್ನೇ ಮುಟ್ಟಿಕೊಂಡ. ಬೆಳಗ್ಗೆ ಮಾಸ್ತರರು ಎಳೆದ ಪಟ್ಟಿ. ಉಗುರಿನಿಂದ ಬಡಿದ. ಟಕ್ ಎಂದಿತು. ತೆಳ್ಳಗೆ ಬಳಿದದ್ದರಿಂದ ಅಲ್ಲಿ ಮಾತ್ರ ಒಣಗಿ ಕಲ್ಲಾಗಿತ್ತು. ಅವನ ಜೀವನದ ಒಂದೇ ಒಂದು ಕಾಡುಕೋಣ ಊರವರ ಹಣೆಗಳ ಮೇಲೆ ಹಂಚಿಹೋಗಿತ್ತು. ಅದರಲ್ಲಿ ಅವನ ಪಾಲು ಹುಬ್ಬಿನ ಮೇಲೆಯೇ ಇತ್ತು.

ಮೇಡಂ ಅವನ ಪಕ್ಕ ಬದುವಿನ ಮೇಲೆ ಕೂತರು. "ಫೋಟೋ ಆದ್ರೂ ತಗೊಂಡಿದ್ದಿ?"

"ಇಲ್ರಿ. ಮರತ್ನಿರೀ."

"ಮೊಬೈಲ್ ಇತ್ತಲ್ಲ?"

"ಇತ್ರಿ. ಕೈ ಇರಲಿಲ್ರಿ. ಮುಗದಿದ್ದವು."

ಮೇಡಂ ಕಾಡಿನ ಕಡೆ ನೋಡಿದರು. ಸಂಜೆಯ ಮಂಜು ಮತ್ತೆ ಇಳಿಯತೊಡಗಿತ್ತು. "ನಾನೂ ಮೊದಲ ಸಲ ನೋಡಿದಾಗ ಕೊರಳಾಗ ಕ್ಯಾಮೆರಾ ಇತ್ತು, ಮರತಿದ್ನಿ" ಎಂದರು ಮೆಲ್ಲಗೆ. "ನೀ ನೋಡಿದ್ದು ಖರೇ ಅಂತ ನನಗ ಗೊತ್ತು, ಚೇತನ. ನಿನ್ನ ಮಾರಿ ನೋಡಿದ್ರ ತಿಳಿತೈತಿ. ಆದ್ರ ನಾ ಕೇಳಿದ್ದು ಅಚ್ಚು. ಅಮರ ತಂದಾನ."

"ಹಂದಿದರಿ" ಎಂದ ಚೇತನ.

"ಹಂದಿಗೂ ಗೊರಸ ಐತೆಲ್ಲೋ."

ಚೇತನ ಹೌದೆಂದು ತಲೆಯಾಡಿಸಿದ. ಹಂದಿಯ ಗೊರಸನ್ನು ಕುರಿತು ಅರ್ಧ ತಾಸು ಬೆರಗುಪಡಬಲ್ಲವನು ಅವನೇ. ಅಮರ ಈ ಸಲ ಗೊರಸಪ್ಪ ಎನ್ನಲಿಲ್ಲ. ಸುಮ್ಮನೆ ಅವನ ಭುಜ ಮುಟ್ಟಿ ಜೀಪು ಹತ್ತಿದ.

ಜನ ಕರಗಿದರು. ಆ ಗುಣಿಯ ಸುತ್ತ ನಾಳೆ ಸಣ್ಣ ಕಟ್ಟೆ ಕಟ್ಟಬೇಕೆಂದು ಕನ್ನಡ ಓಣಿಯವರು ಕಲ್ಲು, ಮರಾಠಿ ಓಣಿಯವರು ಸಿಮೆಂಟು ಒಪ್ಪಿಕೊಂಡಿದ್ದರು. ಚೇತನ ಆಯಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದ. ದೀಪ ಹಚ್ಚುವ ಹೊತ್ತು. ಒಳಗೆ ಆಯಿ ಫೋನಿನಲ್ಲಿ ಅವನ ಅಪ್ಪನಿಗೆ, "ಹೂನ್ರಿ, ನಾಳಿಗೆ ಅಂಗಡಿಗೆ ಬರ್ತಾನ, ಕಳಸ್ತೇನಿ" ಎನ್ನುತ್ತಿದ್ದುದು ಕೇಳುತ್ತಿತ್ತು.

ಅವನಿಗೆ ಅಳು ಬರಬೇಕಿತ್ತು. ಆದರೆ ಕಣ್ಣು ಮುಚ್ಚಿದರೆ ಆ ಬಿಳಿ ಕಾಲುಗಳು ಮಂಜಿನಲ್ಲಿ ಒಂದೊಂದಾಗಿ ಹೆಜ್ಜೆ ಇಡುತ್ತಿದ್ದವು, ಸಪ್ಪಳವಿಲ್ಲದೆ. ಅಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಬಸವಣ್ಣೆವ್ವ ಯಾವಾಗ ಬಂದಳೋ, ಕಟ್ಟೆಯ ಕೆಳಗೆ ನಿಂತಿದ್ದಳು. ಮುಂಜಾನೆಯಿಂದ ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಗಿತ್ತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಸೊಂಟದಿಂದ ಒಂದು ಅರಿವೆಯ ಗಂಟು ತೆಗೆದಳು.

"ತಮ್ಮಾ" ಎಂದಳು. "ಎಲ್ಲಾರಕಿಂತ ಮೊದಲ ನಾ ತಗೊಂಡಿದ್ನೆಪಾ. ಚಿಮಟಿ ಅಲ್ಲ, ಒಂದ ಮುಟಿಗಿ. ಪರೀಕ್ಷಾದ್ದು ಅಂತ ನನಗ ಗೊತ್ತಿರಲಿಲ್ಲ. ಕೈಯಾಗ ಹಿಡದು, ಒತ್ತಿ, ವಿಭೂತಿ ಗಟ್ಟಿ ಮಾಡಿ ಒಲಿ ಮ್ಯಾಲ ಒಣಗಿಸಿದ್ನಿ. ವರ್ಷಾನಗಟ್ಟಲೆ ಬರಲಿ ಅಂತ." ಗಂಟನ್ನು ಮುಂದೆ ಚಾಚಿದಳು. "ನಿಂದು ನಿನಗ ಸೇರಬೇಕು."

ಅವನ ಅಂಗೈಯಲ್ಲಿ ಗಂಟು ಇಟ್ಟು, ಅವನು ಏನನ್ನಾದರೂ ಹೇಳುವ ಮೊದಲೇ ತನ್ನ ಮನೆಯ ಕಡೆ ನಡೆದಳು.

ಚೇತನ ಗಂಟು ಬಿಚ್ಚಿದ. ನಾಲ್ಕು ಮೂಲೆಯ ವಿಭೂತಿ ಗಟ್ಟಿ. ಒಂದು ಬಿರುಕಿಲ್ಲ, ಒಂದು ಗುಳ್ಳೆಯಿಲ್ಲ. ಇಡೀ ದಿನದಲ್ಲಿ ಶಾಸ್ತ್ರೋಕ್ತವಾಗಿ ಗಟ್ಟಿಯಾದ ಅಚ್ಚು ಅದೊಂದೇ. ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ನಡುಮಧ್ಯದಲ್ಲಿ, ಒಂದು ಗೆರೆಯೂ ಅಳಿಯದಂತೆ, ಬಸವಣ್ಣೆವ್ವನ ಹೆಬ್ಬೆರಳು ಮೂಡಿತ್ತು.